ಸೊಪ್ಪಿನ ಕಟ್ಟು ಮತ್ತು ಕಡಲ ಕುದುರೆ

ಜುಲೈ ತಿಂಗಳ ಒಂದು ಬೆಳಗಿನ ಜಾವ. ಮೆಲ್ಬರ್ನ್‌ನಲ್ಲಿ ಆಗ ನಡು ಚಳಿಗಾಲ. ಐದೂವರೆಗೆ ನೀರು ಕುಡಿಯಲು ಎದ್ದವಳು ಹಾಲ್‌ನಲ್ಲಿ ಟ್ಯಾಂಕಿನ ಮುಂದೆ ನಿಂತೆ. ದೀಪ ಹಾಕಲಿಲ್ಲ, ಮೊಬೈಲಿನ ಮಂದ ಬೆಳಕು ಸಾಕಾಯಿತು. ನನ್ನ ಕಡಲ ಕುದುರೆ ಚೆನ್ನ ತನ್ನ ಹಗ್ಗಕ್ಕೆ ಬಾಲ ಸುತ್ತಿಕೊಂಡಿದ್ದ. ಆದರೆ ದಿನಾ ಇರುವ ಹಾಗೆ ಕೆಳಗೆ ಇರಲಿಲ್ಲ. ಹಗ್ಗದ ತುದಿಯಲ್ಲಿ, ನೀರಿನ ಮೇಲ್ಮೈಗೆ ತೀರಾ ಹತ್ತಿರ ಇದ್ದ. ಅವನ ಕೆನ್ನೆ ಬೇಗ ಬೇಗ ಉಬ್ಬಿ ಇಳಿಯುತ್ತಿತ್ತು. ಒಂದೆರಡು ಸಲ ಕತ್ತನ್ನು ಮುಂದಕ್ಕೆ ಬಗ್ಗಿಸಿ, ಆಕಳಿಸಿದ ಹಾಗೆ ಮಾಡಿದ.

ಅರ್ಧ ನಿಮಿಷದ ವಿಡಿಯೋ ಮಾಡಿ ಅಮ್ಮನಿಗೆ ಕಳಿಸಿದೆ. ಅಮ್ಮ ಇರುವುದು ಬ್ರಹ್ಮಾವರದ ಹತ್ತಿರದ ನಮ್ಮ ಹಳೆಯ ಮನೆಯಲ್ಲಿ. ಅಲ್ಲಿ ಆಗ ನಡುರಾತ್ರಿ. ಎದ್ದ ಮೇಲೆ ನೋಡಿ ಫೋನ್ ಮಾಡಿದರು.

"ಅದಕ್ಕೆ ಉಬ್ಬಸ ಬಂದ ಹಾಗೆ ಕಾಣ್ತದಲ್ಲ ಮಗಾ."

ನನಗೆ ಎದೆ ಧಸಕ್ಕೆಂದಿತು. ಅಮ್ಮನಿಗೆ ಮೀನು ಸಾಕುವ ವಿಷಯ ಏನೂ ಗೊತ್ತಿಲ್ಲ. ಆದರೆ ಉಬ್ಬಸ ಗೊತ್ತು. ಅಜ್ಜ ಬೆಳಗಿನ ಜಾವ ಮಂಚದ ಮೇಲೆ ಎದ್ದು ಕೂತು, ಎರಡೂ ಕೈ ಮೊಣಕಾಲಿಗೆ ಊರಿ ಉಸಿರೆಳೆಯುವಾಗ ಪಕ್ಕದಲ್ಲಿ ಇರುತ್ತಿದ್ದವರು ಅಮ್ಮನೇ. ಅವರು ಹೇಳಿದ್ದು ಸರಿಯಾಗಿತ್ತು. ಟ್ಯಾಂಕಿನಲ್ಲಿ ನನ್ನ ಜೀವಿಗೆ ಉಸಿರು ಸಾಲುತ್ತಿರಲಿಲ್ಲ.

ಒಂದು ತಿಂಗಳ ಹಿಂದೆ ಅವನ ಜೊತೆಗಿದ್ದ ಹೆಣ್ಣು ಕುದುರೆ ಚೆನ್ನಿ ಸತ್ತಿದ್ದಳು. ಅದೂ ಬೆಳಗಿನ ಹೊತ್ತಲ್ಲೇ. ರೋಗ ಬಂದಿರಬೇಕು ಅಂದುಕೊಂಡು ಅತ್ತು ಸುಮ್ಮನಾಗಿದ್ದೆ. ಈಗ ಆ ಸಾವು ಬೇರೆ ಥರ ಕಾಣತೊಡಗಿತು.

ಇವೆರಡೂ ಟಾಸ್ಮೇನಿಯಾದಲ್ಲಿ ಸಾಕಿ ಬೆಳೆಸಿದ ಮರಿಗಳು. ಹೊಟ್ಟೆ ದಪ್ಪಗಿರುವ, ಆಸ್ಟ್ರೇಲಿಯಾದ ಆಗ್ನೇಯ ಕರಾವಳಿ ಮತ್ತು ನ್ಯೂಜಿಲೆಂಡ್‌ನ ತಣ್ಣನೆಯ ಕಡಲಲ್ಲಿ ಬದುಕುವ ಜಾತಿ. ಕಡಲ ಕುದುರೆಗಳಲ್ಲೇ ದೊಡ್ಡವು, 35 ಸೆಂಟಿಮೀಟರ್‌ವರೆಗೂ ಬೆಳೆಯುತ್ತವೆ. ಟಾಸ್ಮೇನಿಯಾದ ಬ್ಯೂಟಿ ಪಾಯಿಂಟ್‌ನಲ್ಲಿ ಸೀಹಾರ್ಸ್ ವರ್ಲ್ಡ್ ಅಂತ ಇದೆ. ಟೇಮಾರ್ ನದಿಯ ದಂಡೆ. ಅಲ್ಲಿ ತೊಟ್ಟಿಗಳಲ್ಲಿ ಸಾವಿರಾರು ಮರಿಗಳು ಒಂದರ ಬಾಲಕ್ಕೆ ಇನ್ನೊಂದು ಬಾಲ ಸಿಕ್ಕಿಸಿಕೊಂಡು ನಿಂತಿರುವುದನ್ನು ನೋಡಿದ ದಿನವೇ ನಾನು ಸೋತುಹೋಗಿದ್ದೆ.

ಊರಿನವರು ಕೇಳುತ್ತಾರೆ, ನಾವೂ ಸಾಕಬಹುದಾ ಅಂತ. ಬೇಡ. ಭಾರತದಲ್ಲಿ 2001ರಲ್ಲೇ ಕಡಲ ಕುದುರೆಯನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು. ಹಿಡಿಯುವುದು, ಮಾರುವುದು ಅಪರಾಧ. ಯಾರಾದರೂ ಕದ್ದು ಮಾರಿದರೂ ಕೊಳ್ಳಬೇಡಿ. ಬಲೆಯಲ್ಲಿ ಸಿಕ್ಕಿ, ಒಣಗಿ, ಮೂಟೆಯಲ್ಲಿ ಹೊರದೇಶಕ್ಕೆ ಹೋಗುವ ಕುದುರೆಗಳ ಕತೆಯೇ ಸಾಕಷ್ಟು ದುಃಖದ್ದು.

ಇನ್ನು ಉಸಿರಿನ ವಿಷಯ.

ನನಗೆ ಮೊದಲು ತಲೆ ಕೆಡಿಸಿದ್ದು ಚಳಿ. ತಣ್ಣನೆಯ ನೀರಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ, ಬೆಚ್ಚಗಿನ ನೀರಲ್ಲಿ ಕಡಿಮೆ. 28 ಡಿಗ್ರಿಯ ಕಡಲ ನೀರು ಒಂದು ಲೀಟರಿಗೆ ಹಿಡಿದಿಡುವುದು ಸುಮಾರು 6.4 ಮಿಲಿಗ್ರಾಂ. 20 ಡಿಗ್ರಿಯಲ್ಲಿ 7.4ರ ಆಸುಪಾಸು. ನನ್ನ ಟ್ಯಾಂಕು 18 ಡಿಗ್ರಿಯಲ್ಲಿತ್ತು. ಅಂದರೆ ಇನ್ನೂ ಸ್ವಲ್ಪ ಜಾಸ್ತಿಯೇ ಇರಬೇಕಿತ್ತು. ಬೇಸಿಗೆಯಲ್ಲಿ, ಇಲ್ಲಿ 40 ಡಿಗ್ರಿ ದಾಟುವ ದಿನಗಳಲ್ಲಿ, ನೀರು ತಂಪು ಮಾಡುವ ಚಿಲ್ಲರ್ ಪಕ್ಕವೇ ಕೂತು ಕಾದಿದ್ದೆ. ಆಗ ಏನೂ ಆಗಿರಲಿಲ್ಲ. ಚಳಿಗಾಲದಲ್ಲಿ ಹೀಗಾಯಿತಲ್ಲ, ಯಾಕೆ?

ಹಾಗೆ ನೋಡಿದರೆ ಆ 7.4 ಕೂಡ ಎಷ್ಟು ಕಡಿಮೆ ಗೊತ್ತಾ? ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ 270 ಮಿಲಿಗ್ರಾಮಿಗೂ ಹೆಚ್ಚು ಆಮ್ಲಜನಕ ಇದೆ. ನೀರಲ್ಲಿ ಬದುಕುವ ಜೀವಕ್ಕೆ ಸಿಗುವುದು ಅದರ ಸುಮಾರು ನಲವತ್ತರಲ್ಲಿ ಒಂದು ಪಾಲು. ಎಲ್ಲ ಮೀನುಗಳೂ ಈ ಬಡತನದಲ್ಲೇ ಬದುಕುತ್ತವೆ. ಕಡಲ ಕುದುರೆಗೆ ಇನ್ನೂ ಕಷ್ಟ. ಬಂಗುಡೆ ತಂದು ಕಿವಿರು ಬಿಡಿಸಿದವರಿಗೆ ಗೊತ್ತು, ಅದು ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿರುತ್ತದೆ, ಕೆಂಪಗೆ, ಒತ್ತಾಗಿ. ಕಡಲ ಕುದುರೆಯ ಕಿವಿರು ಹಾಗಿಲ್ಲ. ಪುಟ್ಟ ಪುಟ್ಟ ಗೊಂಚಲು, ಹೂಕೋಸಿನ ಚೂರುಗಳ ಹಾಗೆ. ಉಸಿರು ಬಿಡಲು ತಲೆಯ ಹಿಂಭಾಗದಲ್ಲಿ ಎರಡೂ ಬದಿಗೆ ಒಂದೊಂದು ಸಣ್ಣ ತೂತು ಮಾತ್ರ. ಬೇರೆ ಮೀನು ಸಹಿಸಿಕೊಳ್ಳುವ ಕೊರತೆಯನ್ನು ಇದು ಸಹಿಸುವುದಿಲ್ಲ.

ಹೊಟ್ಟೆಯ ಕತೆಯೂ ಇದೆ. ಇದಕ್ಕೆ ಜಠರವೇ ಇಲ್ಲ. ತಿಂದದ್ದು ಬೇಗ ಹೊರಗೆ ಹೋಗುತ್ತದೆ, ಹಾಗಾಗಿ ಪದೇ ಪದೇ ತಿನ್ನಬೇಕು. ದಿನಕ್ಕೆ ಮೂರು ಸಲ ಮೈಸಿಸ್ ಅನ್ನುವ ಪುಟ್ಟ ಸಿಗಡಿ ಕೊಡುತ್ತೇನೆ. ಅರ್ಧ ಜೀರ್ಣವಾದದ್ದು, ತಿನ್ನದೆ ಬಿಟ್ಟದ್ದು ಎಲ್ಲ ತಳದಲ್ಲಿ ಕೂರುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಕೂಡ ಅದೇ ನೀರಿನ ಆಮ್ಲಜನಕವನ್ನೇ ಉಸಿರಾಡುತ್ತವೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾವೂ ಅಷ್ಟೇ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ಬೇಕು. ಟ್ಯಾಂಕಿನಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಚೆನ್ನ ಒಬ್ಬನೇ. ಆ ನೀರಲ್ಲಿ ಉಸಿರಾಡುತ್ತಿದ್ದವರು ಕೋಟಿಗಟ್ಟಲೆ.

ಮರಿಗಳನ್ನು ಕೊಟ್ಟ ಅಂಗಡಿಯಲ್ಲಿ ಒಂದೇ ಮಾತು ಒತ್ತಿ ಹೇಳಿದ್ದರು: ನೀರು ಅಲುಗಾಡಬಾರದು, ಇವು ಈಜಲಾರವು. ನಾನು ನಂಬಿದೆ. ನಂಬಲು ಕಷ್ಟವೇನೂ ಇರಲಿಲ್ಲ. ಇಷ್ಟು ಸೂಕ್ಷ್ಮ ಜೀವಿ, ಬೆನ್ನ ಮೇಲೊಂದು ಬೀಸಣಿಗೆಯಂಥ ಪುಟ್ಟ ರೆಕ್ಕೆ, ನೇರ ನಿಂತೇ ಈಜುವುದು. ಯಾರಿಗಾದರೂ ಕಾಪಾಡೋಣ ಅನ್ನಿಸುತ್ತದೆ ಅಲ್ವಾ? 200 ಲೀಟರಿನ ಟ್ಯಾಂಕಿಗೆ ಗಂಟೆಗೆ 300 ಲೀಟರ್ ನೀರು ಸಾಗಿಸುವ ಪಂಪು ಇಟ್ಟಿದ್ದೆ. ಅದರ ಬಾಯಿಗೂ ಸ್ಪಂಜು. ಮೇಲೆ ಗಾಜಿನ ಮುಚ್ಚಳ. ನೀರು ಕನ್ನಡಿಯ ಹಾಗೆ ನಿಂತಿರುತ್ತಿತ್ತು. ಮನೆಗೆ ಬಂದವರು ಎಷ್ಟು ಶಾಂತವಾಗಿದೆ ಅನ್ನುತ್ತಿದ್ದರು.

ಅಮ್ಮನ ಫೋನ್ ಬಂದ ಬೆಳಿಗ್ಗೆ ಮುಚ್ಚಳ ತೆಗೆದು ಬೆಳಕನ್ನು ಓರೆಯಾಗಿ ಹಿಡಿದು ನೋಡಿದೆ. ಮೇಲ್ಮೈಯಲ್ಲಿ ಹಾಲು ಆರಿದಾಗ ಕಟ್ಟುವಂಥ ಕೆನೆ. ತೆಳ್ಳಗೆ, ಅಲ್ಲಲ್ಲಿ ಬಣ್ಣ ಬಣ್ಣ. ಸಿಗಡಿಯ ಎಣ್ಣೆಯಂಶ, ಮೀನಿನ ಲೋಳೆ, ಎಲ್ಲ ಸೇರಿ ಕಟ್ಟಿದ ಪೊರೆ. ಗಾಳಿಯಿಂದ ನೀರಿಗೆ ಆಮ್ಲಜನಕ ಇಳಿಯುವ ಬಾಗಿಲು ಆ ಮೇಲ್ಮೈ. ಅದರ ಮೇಲೆ ನಾನು ಕೆನೆ ಕಟ್ಟಲು ಬಿಟ್ಟಿದ್ದೆ, ಅದರ ಮೇಲೆ ಗಾಜನ್ನೂ ಮುಚ್ಚಿದ್ದೆ.

ಬಾಗಿಲಿಂದ ಒಳಗೆ ಬಂದದ್ದೂ ತಳಕ್ಕೆ ತಾನಾಗಿ ಹೋಗುವುದಿಲ್ಲ. ನಿಂತ ನೀರಲ್ಲಿ ಆಮ್ಲಜನಕ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಯಾರಾದರೂ ಹೊತ್ತುಕೊಂಡು ಹೋಗಬೇಕು. ಹೊರುವುದು ಹರಿವಿನ ಕೆಲಸ. ಸಂಪಿನಲ್ಲಿ, ಅಂದರೆ ಟ್ಯಾಂಕಿಗೆ ಜೋಡಿಸಿದ ನೀರು ಸೋಸುವ ಇನ್ನೊಂದು ತೊಟ್ಟಿಯಲ್ಲಿ, ಬೆಳೆಸಿದ್ದ ಹಸಿರು ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತಿತ್ತು. ರಾತ್ರಿ ಬೆಳಕಿಲ್ಲದಾಗ ಅದೂ ನಮ್ಮ ಹಾಗೇ ಆಮ್ಲಜನಕ ತೆಗೆದುಕೊಳ್ಳುತ್ತದೆ. ಹಾಗಾಗಿ ಟ್ಯಾಂಕು ಅತ್ಯಂತ ಬಡವಾಗುವ ಹೊತ್ತು ಬೆಳಕು ಹರಿಯುವ ಸ್ವಲ್ಪ ಮುಂಚೆ. ಅಜ್ಜನ ಉಬ್ಬಸ ಜೋರಾಗುತ್ತಿದ್ದದ್ದೂ ಅದೇ ಹೊತ್ತಿಗೆ. ಕಾರಣ ಬೇರೆ, ಗೊತ್ತು. ಆದರೂ ಆ ಹೊತ್ತು ನನ್ನ ಮನಸ್ಸಿನಲ್ಲಿ ಒಂದೇ ಆಗಿಬಿಟ್ಟಿದೆ.

ಅವತ್ತೇ ಮುಚ್ಚಳ ತೆಗೆದಿಟ್ಟೆ. ಟಿಶ್ಯೂ ಕಾಗದವನ್ನು ನೀರಿನ ಮೇಲೆ ಚಪ್ಪಟೆಯಾಗಿ ಹಾಸಿ, ಮೆಲ್ಲಗೆ ಎಳೆದೆ. ಕೆನೆ ಅದಕ್ಕೆ ಅಂಟಿಕೊಂಡು ಬಂತು. ನಾಲ್ಕು ಸಲ ಹೀಗೆ ಮಾಡಿದ ಮೇಲೆ ನೀರಿನ ಮೈ ಹೊಳೆಯಿತು. ಪಂಪಿನ ಬಾಯಿಯನ್ನು ಮೇಲಕ್ಕೆ ತಿರುಗಿಸಿ ಮೇಲ್ಮೈ ನಡುಗುವ ಹಾಗೆ ಮಾಡಿದೆ. ಸಂಜೆಗೆ ಚೆನ್ನ ಹಗ್ಗದ ನಡುವಿಗೆ ಇಳಿದಿದ್ದ.

ಆದರೆ ಮರುದಿನ ಬೆಳಗಿನ ಜಾವ ನೋಡಿದರೆ ಮತ್ತೆ ಉಸಿರು ಜೋರು. ಮೊದಲಿನಷ್ಟಲ್ಲ. ಆದರೂ ಹಗಲಿನದಕ್ಕಿಂತ ಸುಮಾರು ಒಂದೂವರೆ ಪಟ್ಟು. ಆಮ್ಲಜನಕ ಅಳೆಯುವ ಕಿಟ್ ತಂದು ನೋಡಿದೆ, ಅದು ಪರವಾಗಿಲ್ಲ ಅನ್ನಿಸುವ ಮಟ್ಟದಲ್ಲೇ ಇತ್ತು. ಅಮೋನಿಯಾ ಸೊನ್ನೆ. ನೀರಿನ ಹುಳಿ ತೋರಿಸುವ ಪಿಎಚ್ ಮಾತ್ರ 7.7. ಕಡಲ ನೀರು 8.1, 8.2ರಲ್ಲಿ ಇರಬೇಕಾದದ್ದು.

ಇಲ್ಲಿ ನನಗೆ ನೆನಪಾದದ್ದು ನಮ್ಮ ಮನೆಯ ಬಾವಿ.

ಪ್ರತಿ ಮೇ ತಿಂಗಳಲ್ಲಿ, ನೀರು ತಳ ಸೇರಿದಾಗ, ಬಾವಿಯ ಕೆಸರು ತೆಗೆಸುತ್ತಿದ್ದರು. ಕೆಲಸದವರು ನೇರ ಇಳಿಯುತ್ತಿರಲಿಲ್ಲ. ಮೊದಲು ಒಂದು ಚಿಮಣಿ ದೀಪ ಹಚ್ಚಿ, ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಉರಿಯುತ್ತಾ ತಳ ಮುಟ್ಟಿದರೆ ಸರಿ. ನಡುವೆ ಆರಿದರೆ ಅಲ್ಲಿ ಕೆಟ್ಟ ಗಾಳಿ ತುಂಬಿದೆ ಅಂತ. ಆಗ ಮಾವಿನದೋ ಹಲಸಿನದೋ ಸೊಪ್ಪಿನ ದೊಡ್ಡ ಕಟ್ಟು ಮಾಡಿ, ಹಗ್ಗಕ್ಕೆ ಬಿಗಿದು, ರಾಟೆಯ ಮೇಲೆ ಹಾಕಿ ಬಾವಿಯೊಳಗೆ ಇಳಿಸುತ್ತಿದ್ದರು. ಎಳೆಯುವುದು, ಬಿಡುವುದು. ಎಳೆಯುವುದು, ಬಿಡುವುದು. ಬಾವಿಯ ಹೊಟ್ಟೆಯ ಗಾಳಿಯನ್ನು ಕಲಕಿ ಕಲಕಿ ಹೊರಗೆ ತಳ್ಳುತ್ತಿದ್ದರು. ಮತ್ತೆ ದೀಪ ಇಳಿಸಿ ನೋಡಿ, ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ನಾವು ಮಕ್ಕಳು ಕಟ್ಟೆಯಿಂದ ದೂರ ನಿಂತು ಆ ದೀಪವನ್ನೇ ನೋಡುತ್ತಿದ್ದೆವು.

ಆ ಕೆಟ್ಟ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಜಾಸ್ತಿ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ನೀರಲ್ಲಿ ಕರಗಿದರೆ ನೀರನ್ನು ಹುಳಿ ಮಾಡುತ್ತದೆ, ಪಿಎಚ್ ಇಳಿಸುತ್ತದೆ. ರಕ್ತದಲ್ಲಿ ಅದು ಏರಿದರೆ ಮೀನೂ ಜೋರಾಗಿ ಉಸಿರಾಡುತ್ತದೆ, ಪಕ್ಕದಲ್ಲಿ ಆಮ್ಲಜನಕ ಇದ್ದರೂ ಕೂಡ. ನಾನು ಒಳಗೆ ಬರುವ ಉಸಿರನ್ನಷ್ಟೇ ಯೋಚಿಸಿದ್ದೆ. ಹೊರಗೆ ಹೋಗಬೇಕಾದ ಉಸಿರನ್ನು ಯೋಚಿಸಿರಲೇ ಇಲ್ಲ.

ಪರೀಕ್ಷೆ ಸುಲಭ. ಎರಡು ಲೋಟದಲ್ಲಿ ಟ್ಯಾಂಕಿನ ನೀರು ತುಂಬಿಸಿದೆ. ಒಂದನ್ನು ಹಾಲ್‌ನಲ್ಲೇ ಇಟ್ಟು ಏರ್ ಪಂಪಿನ ಗಾಳಿ ಬಿಟ್ಟೆ. ಇನ್ನೊಂದನ್ನು ಹಿತ್ತಿಲಿಗೆ ಒಯ್ದು, ಅಲ್ಲಿನ ತಣ್ಣನೆಯ ಗಾಳಿ ಒಂದು ಗಂಟೆ ಗುಳ್ಳೆ ಗುಳ್ಳೆಯಾಗಿ ಹೋಗುವ ಹಾಗೆ ಮಾಡಿದೆ. ಒಳಗಿನ ಲೋಟದ ಪಿಎಚ್ 7.8. ಹೊರಗಿನದು 8.1. ಇಷ್ಟಾದ ಮೇಲೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕೆಟ್ಟದ್ದು ಮನೆಯ ಗಾಳಿ. ಚಳಿಗೆ ಹೆದರಿ ಎರಡು ತಿಂಗಳಿಂದ ಕಿಟಕಿ ಬಾಗಿಲು ಭದ್ರ ಮಾಡಿಕೊಂಡು, ನಾವು ಮೂವರು ಮತ್ತು ನಾಯಿ, ಉಸಿರು ಬಿಟ್ಟು ಬಿಟ್ಟು ತುಂಬಿಸಿದ್ದ ಗಾಳಿ. ಟ್ಯಾಂಕಿಗೆ ಆ ಗಾಳಿಯನ್ನೇ ಎಷ್ಟು ಕಲಸಿದರೂ ಏನು ಪ್ರಯೋಜನ? ಮುಚ್ಚಿದ ಬಾವಿಯೊಳಗೆ ಸೊಪ್ಪಿನ ಕಟ್ಟು ಆಡಿಸಿದ ಹಾಗೆ.

ಸಂಪಿನಲ್ಲಿ ಒಂದು ಸ್ಕಿಮ್ಮರ್ ಇದೆ. ಗಾಳಿಯ ನೊರೆ ಎಬ್ಬಿಸಿ ಕೊಳೆಯನ್ನು ಆ ನೊರೆಯ ಜೊತೆ ಮೇಲಕ್ಕೆ ತರುವ ಯಂತ್ರ. ಅದು ಗಾಳಿ ಎಳೆಯುವ ಕೊಳವೆಗೆ ಉದ್ದನೆಯ ಪೈಪು ಸೇರಿಸಿ, ಬಟ್ಟೆ ಒಗೆಯುವ ಕೋಣೆಯ ಕಿಟಕಿಯ ಮೂಲಕ ಹೊರಗೆ ಹಾಯಿಸಿದೆ. ತುದಿಗೆ ಹುಳ ಹೋಗದ ಹಾಗೆ ಜಾಲರಿ. ಈಗ ಸ್ಕಿಮ್ಮರ್ ಕುಡಿಯುವುದು ಹಿತ್ತಿಲ ಗಾಳಿ. ಪಾಚಿಯ ದೀಪವನ್ನು ತಿರುಗುಮುರುಗು ಮಾಡಿದೆ, ಟ್ಯಾಂಕಿನಲ್ಲಿ ಕತ್ತಲಾದಾಗ ಸಂಪಿನಲ್ಲಿ ಬೆಳಕು. ರಾತ್ರಿ ಎಲ್ಲರೂ ಇಂಗಾಲದ ಡೈ ಆಕ್ಸೈಡ್ ಬಿಡುವಾಗ ಪಾಚಿ ಅದನ್ನು ತೆಗೆದುಕೊಳ್ಳುತ್ತದೆ. ಒಂದು ವಾರದಲ್ಲಿ ಬೆಳಗಿನ ಜಾವದ ಪಿಎಚ್ ಎಂಟಕ್ಕೆ ಬಂತು. ಪೈಪಿಗೆ ಹಿಡಿದ ಖರ್ಚು ಒಂದು ಹೊತ್ತಿನ ಹೋಟೆಲ್ ಊಟದಷ್ಟೂ ಇಲ್ಲ.

ಗುಳ್ಳೆಯ ವಿಷಯದಲ್ಲಿ ಮಾತ್ರ ನನಗೆ ತುಂಬಾ ಭಯವಿತ್ತು. ಕಡಲ ಕುದುರೆಗಳಿಗೆ ಗುಳ್ಳೆ ರೋಗ ಬರುತ್ತದೆ. ಚರ್ಮದ ಕೆಳಗೆ, ಗಂಡಿನ ಮರಿಚೀಲದೊಳಗೆ ಗಾಳಿ ತುಂಬಿಕೊಂಡು, ಪಾಪ, ಕೆಳಗಿಳಿಯಲಾಗದೆ ತೇಲುತ್ತವೆ. ಅದಕ್ಕೇ ಏರ್ ಪಂಪೇ ಬೇಡ ಅನ್ನುವವರಿದ್ದಾರೆ. ನಾನು ಓದಿ ಅರ್ಥ ಮಾಡಿಕೊಂಡದ್ದು ಹೀಗೆ. ಮೀನುಗಳಿಗೆ ಅಪಾಯ ಆಗುವುದು ನೀರಲ್ಲಿ ಗಾಳಿ ಮಿತಿ ಮೀರಿ ಕರಗಿದಾಗ. ಪಂಪಿನ ಪೈಪಿನಲ್ಲಿ ಎಲ್ಲೋ ಸಣ್ಣ ಸೋರಿಕೆ ಇದ್ದು, ಗಾಳಿ ಒತ್ತಡದಲ್ಲಿ ನೀರಿಗೆ ಸೇರಿಕೊಂಡರೆ ಹಾಗಾಗುತ್ತದೆ. ಮೇಲ್ಮೈ ಚೆನ್ನಾಗಿ ಅಲುಗಾಡುತ್ತಿದ್ದರೆ ಹಾಗೆ ಜಾಸ್ತಿ ಕರಗಿದ ಗಾಳಿಯೂ ಹೊರಗೆ ಹೋಗಿಬಿಡುತ್ತದೆ. ಆದರೂ ಮಂಜಿನಂಥ ಸಣ್ಣ ಗುಳ್ಳೆ ಏಳಿಸುವ ಏರ್ ಸ್ಟೋನ್ ನಾನು ಹಾಕಲಿಲ್ಲ. ಬರಿಯ ಕೊಳವೆ, ತುದಿ ತೆರೆದದ್ದು. ಕಡಲೆಕಾಳು ಗಾತ್ರದ ಗುಳ್ಳೆ ಗುಳುಗುಳು ಅಂತ ಏಳುತ್ತದೆ.

ಗುಳ್ಳೆಯಿಂದಲೇ ಆಮ್ಲಜನಕ ಸಿಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ನನ್ನ ಟ್ಯಾಂಕಿನಷ್ಟು ಆಳದಲ್ಲಿ ಗುಳ್ಳೆ ಒಂದೆರಡು ಸೆಕೆಂಡಿನಲ್ಲಿ ಮೇಲೆ ಬಂದುಬಿಡುತ್ತದೆ, ಅಷ್ಟರಲ್ಲಿ ಅದು ಕೊಡುವುದು ಸ್ವಲ್ಪ. ಅದರ ದೊಡ್ಡ ಕೆಲಸ ಬೇರೆ: ತಳದ ನೀರನ್ನು ತನ್ನ ಜೊತೆ ಎತ್ತಿ ತರುವುದು, ಮೇಲ್ಮೈಯನ್ನು ಒಡೆಯುವುದು. ನಿಂತ ಪೈಪಿನೊಳಗೆ ಆ ಕೊಳವೆ ಇಳಿಸಿ ಮೂಲೆಯಲ್ಲಿ ನಿಲ್ಲಿಸಿದ್ದೇನೆ. ಪೈಪಿನ ಕೆಳಬಾಯಿಯಿಂದ ಬಡ ನೀರು ಒಳಗೆ ಹೋಗುತ್ತದೆ, ಮೇಲ್ಬಾಯಿಯಿಂದ ಉಕ್ಕಿ ಮೇಲ್ಮೈ ಮೇಲೆ ಹರಡುತ್ತದೆ. ರಾಟೆಯಲ್ಲಿ ಎಳೆದ ಕೊಡಪಾನದ ಹಾಗೆ, ದಿನವಿಡೀ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ. ಇಲ್ಲದಿದ್ದರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪು ಹಾಳಾಗುತ್ತದೆ, ನೆಲವೂ ಒದ್ದೆ. ಬ್ಯಾಟರಿಯ ಒಂದು ಪುಟ್ಟ ಪಂಪು ಕಪಾಟಿನಲ್ಲಿ ಇರಲೇಬೇಕು.

ಹರಿವು ಹೆಚ್ಚಿಸುವುದಕ್ಕೆ ಕೈ ನಡುಗಿತು. ನಿಜ ಹೇಳುತ್ತೇನೆ, ಅಂಗಡಿಯವರ ಮಾತು ಮನಸ್ಸಿನಲ್ಲಿ ಅಷ್ಟು ಆಳವಾಗಿ ಕೂತಿತ್ತು. ಧೈರ್ಯ ಕೊಟ್ಟದ್ದು ರೈ ಅನ್ನುವ ಊರಿನ ಕಟ್ಟೆ. ಪೋರ್ಟ್ ಫಿಲಿಪ್ ಕೊಲ್ಲಿಯೊಳಗೆ ಕಂಬಗಳ ಮೇಲೆ ಉದ್ದಕ್ಕೆ ಚಾಚಿಕೊಂಡಿರುವ ಹಳೆಯ ಕಟ್ಟೆ ಅದು. ಹಿಂದಿನ ಬೇಸಿಗೆಯಲ್ಲಿ ಅದರ ಕೆಳಗೆ ಮುಖವಾಡ ಹಾಕಿ ಈಜುವಾಗ ಇದೇ ಜಾತಿಯ ಕುದುರೆ ನೋಡಿದ್ದೆ. ಅದು ಒಂದು ಕಡಲ ಪಾಚಿಯ ಎಳೆಗೆ ಬಾಲ ಸುತ್ತಿತ್ತು. ಅಲೆ ಬಂದಾಗ ಪಾಚಿ ಬಾಗುತ್ತಿತ್ತು, ಕುದುರೆಯೂ ಬಾಗುತ್ತಿತ್ತು. ಅಲೆ ಹೋದಾಗ ಎರಡೂ ಎದ್ದು ನಿಲ್ಲುತ್ತಿದ್ದವು. ನಾನೇ ಅಲ್ಲಿ ಒಂದು ಕಡೆ ನಿಲ್ಲಲಾರದೆ ಕಂಬ ಹಿಡಿದುಕೊಂಡಿದ್ದೆ. ಅದು ಆರಾಮಾಗಿ ಕಣ್ಣು ತಿರುಗಿಸುತ್ತಾ ಊಟ ಹುಡುಕುತ್ತಿತ್ತು. ಆ ಬಾಲ ಇರುವುದೇ ಅದಕ್ಕೆ ಅಂತ ಆವತ್ತು ಕಣ್ಣಾರೆ ಕಂಡಿದ್ದೆ, ಮನೆಗೆ ಬಂದು ಮರೆತಿದ್ದೆ.

ಈಗ ಗಂಟೆಗೆ ಸುಮಾರು 2000 ಲೀಟರ್ ಹರಿಯುತ್ತದೆ. ಒಂದೇ ಧಾರೆಯಾಗಿ ಅಲ್ಲ. ಸಾಲಾಗಿ ತೂತು ಕೊರೆದ ಅಡ್ಡ ಪೈಪಿನಿಂದ, ಹಿಂದಿನ ಗಾಜಿಗೆ ತಾಗಿ ಹರಡಿಕೊಂಡು. ಪಂಪು ನೀರು ಎಳೆಯುವ ಬಾಯಿಗೆಲ್ಲ ದಪ್ಪ ಸ್ಪಂಜಿದೆ, ಬಾಲ ಸಿಕ್ಕಿಕೊಂಡರೆ ತುಂಡಾಗಿಬಿಡುತ್ತದೆ. ಒಂದು ಮೂಲೆ ಮಾತ್ರ ನಿಧಾನವಾಗಿರಲಿ ಅಂತ ಬಿಟ್ಟಿದ್ದೇನೆ, ಊಟ ಹಾಕುವುದು ಅಲ್ಲೇ. ಹಿಡಿದುಕೊಳ್ಳಲು ಹಗ್ಗ, ಪ್ಲಾಸ್ಟಿಕ್ ಗಿಡ, ಕಲ್ಲಿನ ಕೋಡು, ಬೇಕಾದಷ್ಟಿವೆ. ಮೊದಲ ದಿನ ಚೆನ್ನ ಆ ಮೂಲೆ ಬಿಟ್ಟು ಬರಲಿಲ್ಲ. ಮೂರನೇ ದಿನ ಹರಿವು ಜಾಸ್ತಿ ಇರುವ ಕಡೆಯ ಹಗ್ಗಕ್ಕೆ ತಾನೇ ಹೋಗಿ ಕೂತ. ಈಗ ಅದೇ ಅವನ ಜಾಗ. ಬೇಡವೆನಿಸಿದಾಗ ಮೂಲೆಗೆ ಹೋಗುತ್ತಾನೆ, ಬೇಕೆನಿಸಿದಾಗ ಬರುತ್ತಾನೆ.

ತಳದಲ್ಲಿ ಕೊಳೆ ಕೂರುವುದೂ ಕಡಿಮೆಯಾಯಿತು. ಮೊದಲು ಕಲ್ಲುಗಳ ಹಿಂದೆ ಬೂದುಬಣ್ಣದ ಹುಡಿ ರಾಶಿ ಬೀಳುತ್ತಿತ್ತು. ಈಗ ಅದು ತೇಲಿ ಸಂಪಿಗೆ ಹೋಗುತ್ತದೆ. ವಾರಕ್ಕೆ ಎರಡು ಸಲ ಕೊಳವೆಯಿಂದ ತಳ ಎಳೆದು ತೆಗೆಯುತ್ತೇನೆ. ಸಿಗಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ತೊಳೆದೇ ಹಾಕುತ್ತೇನೆ. ಮುಚ್ಚಳದ ಜಾಗದಲ್ಲಿ ಈಗ ನೆಟ್ಟು. ನೀರು ಆರುವುದು ಜಾಸ್ತಿಯಾಗಿದೆ, ದಿನಾ ಒಂದಷ್ಟು ಸಿಹಿನೀರು ಸುರಿಯಬೇಕು. ಸುರಿಯುತ್ತೇನೆ.

ಚೆನ್ನಿಯನ್ನು ನಾನು ಉಳಿಸಿಕೊಳ್ಳಬಹುದಿತ್ತು. ಅದನ್ನು ಬೇರೆ ಥರ ಹೇಳಲು ನನಗೆ ಬರುವುದಿಲ್ಲ. ಅವಳೂ ಕೊನೆಯ ವಾರ ಮೇಲ್ಮೈ ಹತ್ತಿರವೇ ಇರುತ್ತಿದ್ದಳು. ನನ್ನನ್ನು ನೋಡಲು ಬರುತ್ತಾಳೆ ಅಂದುಕೊಂಡಿದ್ದೆ. ಅವಳ ಫೋಟೋಗಳಲ್ಲಿ ಎಲ್ಲದರಲ್ಲೂ ನೀರು ಕನ್ನಡಿಯ ಹಾಗಿದೆ.

ನೀವು ಎಲ್ಲಿಯಾದರೂ, ಸಾಕಲು ಅನುಮತಿ ಇರುವ ದೇಶದಲ್ಲಿ, ಇವುಗಳನ್ನು ಸಾಕುತ್ತಿದ್ದರೆ ಒಂದು ಸಲ ಬೆಳಕು ಹರಿಯುವ ಮೊದಲು ಎದ್ದು ನೋಡಿ. ಹಗಲಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ಒಂದು ನಿಮಿಷ ಕೆನ್ನೆ ಎಷ್ಟು ಸಲ ಉಬ್ಬುತ್ತದೆ ಎಣಿಸಿ ಬರೆದಿಡಿ. ಮಧ್ಯಾಹ್ನ ಇನ್ನೊಮ್ಮೆ ಎಣಿಸಿ. ಎರಡು ಲೆಕ್ಕಕ್ಕೂ ದೊಡ್ಡ ಅಂತರ ಇದ್ದರೆ ಅವತ್ತೇ ಮುಚ್ಚಳ ತೆಗೆಯಿರಿ, ಉಳಿದದ್ದು ಆಮೇಲೆ.

ಭಾನುವಾರ ಅಮ್ಮನ ಜೊತೆ ಮಾತಾಡುವಾಗ ಫೋನನ್ನು ಟ್ಯಾಂಕಿಗೆ ಒರಗಿಸಿ ಇಡಬೇಕು, ಅದು ಈಗ ರೂಢಿ. ಮೊನ್ನೆ ಹಾಗೇ ಇಟ್ಟು ಅಡುಗೆಮನೆಗೆ ಹೋಗಿದ್ದೆ. ತಿರುಗಿ ಬಂದರೆ ಆ ಕಡೆಯಿಂದ ಮಾತಿಲ್ಲ. ಲೈನು ಕಟ್ಟಾಯಿತೇನೋ ಅಂತ ಬಗ್ಗಿ ನೋಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಕೂತಿದ್ದರು. ಒಂದು ಕೈಯ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತಾ, ತುಟಿ ಅಲ್ಲಾಡಿಸುತ್ತಾ, ಚೆನ್ನನ ಉಸಿರು ಎಣಿಸುತ್ತಿದ್ದರು.